ಕಂಪೌಂಡರ್ ಸಂಕಪ್ಪನ ಬಲಗೈ

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ: ಆ ಕರವಸ್ತ್ರ ನನ್ನದು. ಅಂಚಿಗೆ ಕೆಂಪು ದಾರ ಹಾಕಿ ನಮ್ಮವ್ವ ಹೊಲಿದು ಕೊಟ್ಟದ್ದು. ಕಬಡ್ಡಿ ಆಡುವಾಗ ಬಾಜೂದವನ ಕೈ ಮುಟ್ಟಬಾರದೆಂದು ಅದರ ಒಂದು ತುದಿ ನಾನು ಹಿಡಿದು, ಇನ್ನೊಂದು ತುದಿ ಅವನ ಕೈಗೆ ಕೊಟ್ಟು, ಕುಂದಗೋಳದ ಮೈದಾನದಲ್ಲಿ ಅಷ್ಟು ಮಂದಿಯ ಮುಂದೆ ಸರಪಳಿ ಕಟ್ಟಿ ನಿಂತವನು ನಾನೇ. ಈ ಉಪಾಯ ಹೊಳೆದಾಗ ನನ್ನಷ್ಟು ಶ್ಯಾಣ್ಯಾ ತಾಲೂಕಿನಲ್ಲೇ ಇಲ್ಲ ಅನಿಸಿತ್ತು. ಇಲ್ಲ ಅನ್ನುವುದು ಖರೆ. ಇದ್ದಿದ್ದರೆ ಅವನಿಗೂ ಅವತ್ತು ನನ್ನಷ್ಟೇ ಬೈಗುಳ ಬೀಳುತ್ತಿದ್ದವು.

ಬೈದವನು ಸಂಕಪ್ಪ. ನಮ್ಮೂರ ದನದ ದವಾಖಾನೆಯ ಕಂಪೌಂಡರ್. ಎದುರಿಗೆ ‘ಸಾಹೇಬ್ರ’, ಬೆನ್ನ ಹಿಂದೆ ‘ಸಂಕ್ಯಾ’.

ನಮ್ಮೂರು ಸಂಶಿಯಿಂದ ಮೂರು ಮೈಲು, ಎರೆಹೊಲಗಳ ನಡುವೆ. ಡಾಕ್ಟರು ಬರುವುದು ವಾರಕ್ಕೊಂದು ದಿನ. ಉಳಿದ ಆರು ದಿನ ಊರ ದನಗಳೆಲ್ಲ ಸಂಕಪ್ಪನ ಕೈಯಲ್ಲಿ. ಕೈ ಅಂದರೆ ಬಲಗೈ. ಎಡಗೈಗಿಂತ ಅದು ಒಂದು ಸುತ್ತು ದಪ್ಪ. ಕಾರ್ಬಾಲಿಕ್ ಸಾಬೂನಿನಲ್ಲಿ ತೊಳೆದು ತೊಳೆದು ಬೆರಳಿನಿಂದ ಭುಜದ ತನಕ ಬಿಳಚಿಕೊಂಡಿತ್ತು, ಒಂದು ಕೂದಲೂ ಉಳಿದಿರಲಿಲ್ಲ. ಅಂಗಿಯ ಬಲತೋಳು ಯಾವಾಗಲೂ ಭುಜಕ್ಕೆ ಮಡಚಿರುತ್ತಿತ್ತು, ಎಡತೋಳಿಗೆ ನೀಟಾಗಿ ಗುಂಡಿ ಹಾಕಿರುತ್ತಿತ್ತು. ಬೀದಿಯಲ್ಲಿ ಬಂದರೆ ಅರ್ಧ ಮೈ ಜಗಳಕ್ಕೆ, ಅರ್ಧ ಮೈ ಮದುವೆಗೆ ಹೊರಟಂತೆ ಕಾಣುತ್ತಿದ್ದ.

ಊರಿಗೆ ಅವನ ಕೈ ಬೇಕಾಗಿತ್ತು, ಅವನು ಬೇಡಾಗಿದ್ದ. ಅವನಿಗೂ ಊರಿನ ದನ ಬೇಕಾಗಿದ್ದವು, ಮಂದಿ ಬೇಡಾಗಿದ್ದರು. ಅವನು ಯಾವ ಜಾತಿ ಅಂತ ತಿಳಿಯಲು ಊರು ಎರಡು ವರ್ಷ ಒದ್ದಾಡಿತು. ಹಣೆಯಲ್ಲಿ ವಿಭೂತಿ ಇಲ್ಲ, ಕುಂಕುಮ ಇಲ್ಲ. ಅಡಿಗೆ ಅವನೇ ಮಾಡಿಕೊಳ್ಳುತ್ತಿದ್ದ. ಊರಿಂದ ಬರುವ ಕಾಗದದ ಮೇಲೆ ಅಡ್ಡಹೆಸರು ಇರುತ್ತಿರಲಿಲ್ಲ. ಕಡೆಗೆ ಗೌಡರೇ ಒಂದು ದಿನ ದವಾಖಾನೆಯ ಕಟ್ಟೆಯ ಮೇಲೆ ಕೂತು, ಎಲೆಯಡಿಕೆ ಮೆಲ್ಲುತ್ತ, ಸಹಜವಾಗಿ ಎಂಬಂತೆ ಕೇಳಿದರು: “ಕಂಪೌಂಡರ್ರ, ತಮ್ಮ ಮಂದಿ ಯಾರ ಪೈಕಿರಿ?”

“ಖಿಲಾರಿ ಪೈಕಿರಿ. ತಾವು? ಜವಾರಿ ಕಂಡಂಗ ಕಾಣತೀರಿ.”

ಗೌಡರು ಎತ್ತಿನ ತಳಿಯ ಹೆಸರು ಹೇಳಿಸಿಕೊಂಡು ಎದ್ದು ಹೋದರು. ಅವರ ಹಿಂದೆ ಕೂತಿದ್ದ ನಾನು ಅದನ್ನು ಸಂಜೆಯೊಳಗೆ ಹನ್ನೊಂದು ಮನೆಯಲ್ಲಿ ಎರಡೂ ದನಿಯಲ್ಲಿ ಆಡಿ ತೋರಿಸಿದೆ. ದನಿ ತೆಗೆಯುವುದು ನನ್ನ ಕಸುಬು. ಗೌಡರ ಕೆಮ್ಮು, ಸ್ವಾಮಿಗಳ ಆಶೀರ್ವಚನ, ಬಸ್ ಕಂಡಕ್ಟರನ ಸಿಳ್ಳು, ನಮ್ಮಪ್ಪ ಸಾಲ ಕೇಳುವವರಿಗೆ ‘ಮನ್ಯಾಗಿಲ್ಲ’ ಅಂತ ಸ್ವತಃ ಹೇಳುವ ದನಿ, ಎಲ್ಲ ತೆಗೆಯುತ್ತಿದ್ದೆ. ಸಂಕಪ್ಪನ ದನಿಯಂತೂ ನನ್ನ ಬಾಯಲ್ಲಿ ಕೂತುಬಿಟ್ಟಿತ್ತು. ಒಮ್ಮೆ ಅವನ ದವಾಖಾನೆಯ ಹಿತ್ತಲಲ್ಲೇ ನಿಂತು ಅವನಂತೆ ನಾಕು ಮಂದಿಗೆ ಬೈಯುತ್ತಿದ್ದೆ. ಕೇಳುವವರು ನಗುವುದನ್ನು ನಿಲ್ಲಿಸಿದರು. ಹಿಂದೆ ತಿರುಗಿದರೆ ಅವನು. ಕೈಯೊರೆಸಿಕೊಳ್ಳುತ್ತ ಹೇಳಿದ:

“ದನಿ ಬರೋಬ್ಬರಿ ಐತಲೇ ಬಸ್ಯಾ. ಸಿಟ್ಟು ಸುಳ್ಳೈತಿ.”

ಹೊಡೆದಿದ್ದರೆ ಚಲೋ ಇತ್ತು.

ಆ ಹಿತ್ತಲೇ ನಮ್ಮ ತರುಣ ಸಂಘದ ಕಬಡ್ಡಿ ಮೈದಾನ. ಸಂಘಕ್ಕೆ ಗೌಡರ ಮಗ ಶಿವನಗೌಡ ಕ್ಯಾಪ್ಟನ್, ಏಕೆಂದರೆ ಗೆರೆ ಹಾಕುವ ಸುಣ್ಣ ಅವರ ಮನೆಯದು. ಮೂರು ವರ್ಷ ಕುಂದಗೋಳದ ಪಂದ್ಯಕ್ಕೆ ಹೋಗಿ ಮೂರು ವರ್ಷವೂ ಮೊದಲ ಆಟದಲ್ಲೇ ಸೋತು, ಊಟದ ಹೊತ್ತಿಗೆ ಮನೆಗೆ ಬಂದಿದ್ದೆವು. ಸಂಕಪ್ಪ ಕೈ ತೊಳೆಯುತ್ತ ಗೋಡೆಯ ಮೇಲಿಂದ ನಮ್ಮ ಆಟ ನೋಡಿ ಗೊಣಗುತ್ತಿದ್ದ. ಒಂದು ದಿನ ಶಿವನಗೌಡ ರೇಗಿ, “ಅಷ್ಟು ಗೊತ್ತಿದ್ರ ಬಂದು ಕಲಸ್ರಿ” ಅಂದ. ಸಂಕಪ್ಪ ಗೋಡೆ ಜಿಗಿದು ಬಂದೇಬಿಟ್ಟ.

ಬಂದವನು ಮೊದಲು ನಮ್ಮ ಬಾಯಿ ತೆಗೆಸಿ ಹಲ್ಲು ನೋಡಿದ. ಸುಳ್ಳಲ್ಲ. ಆಮೇಲೆ ಒಬ್ಬೊಬ್ಬರ ಕಾಲೆತ್ತಿಸಿ ಹಿಮ್ಮಡಿ ನೋಡಿದ, ತೊಡೆ ಚಿವುಟಿದ, ಪಕ್ಕೆಯ ಮೇಲೆ ಬೆರಳಿಂದ ಬಡಿದು ಕಿವಿಗೊಟ್ಟ. ಶಿವನಗೌಡನಿಗೆ ಹೇಳಿದ: “ಹೋರಿ ಚಲೋ ಐತಿ. ಹಿಂಡಿ ಕಡಿಮಿ ಮಾಡಬೇಕು.” ನನಗೆ ಹೇಳಿದ: “ಇದು ಬರಡಾಕಳ. ಬರೇ ಒದರತೈತಿ.” ಏಳು ಮಂದಿಯನ್ನೂ ನೋಡಿ ಮುಗಿಸಿ, ಯಾರಿಗೆ ಹೇಳಿದನೋ ಗೊತ್ತಿಲ್ಲ: “ಸಂತಿಗೆ ಹೊಡಕೊಂಡು ಹೋದ್ರ ಒಂದೂ ಮಾರೂದಿಲ್ಲ.”

ಒಂದು ಹೊಗಳಿಕೆಯ ಮಾತು ಅವನ ಬಾಯಿಂದ ನಾವು ಕೇಳಲಿಲ್ಲ. ಎದುರಾಳಿಯನ್ನು ಹಿಡಿದರೆ “ತಡಾ ಆತು” ಅನ್ನುತ್ತಿದ್ದ. ಬಿಟ್ಟರೆ ಏನನ್ನುತ್ತಿದ್ದ ಎನ್ನುವುದನ್ನು ಬರೆಯುವಂತಿಲ್ಲ. ದಮ್ಮು ಕಟ್ಟಲೆಂದು ಎತ್ತಿನ ಗಾಡಿಯ ಹಿಂದೆ ಸಂಶಿಯ ತನಕ ‘ಕಬಡ್ಡಿ ಕಬಡ್ಡಿ’ ಅನ್ನುತ್ತ ಓಡಿಸಿದ. ದಾರಿಯುದ್ದಕ್ಕೂ ಹೊಲದಲ್ಲಿದ್ದ ಹೆಂಗಸರು ಕುಡಗೋಲು ನಿಲ್ಲಿಸಿ ನಕ್ಕರು. ನಮಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಅವನಿಗೆ ಬೈಯುವ ಸಲುವಾಗಿಯೇ ನಾವು ದಿನಾ ಸಂಜೆ ತಪ್ಪದೆ ಸೇರುತ್ತಿದ್ದೆವು. ಸಂಘಕ್ಕೆ ಅಂಥ ಹಾಜರಿ ಹಿಂದೆಂದೂ ಇರಲಿಲ್ಲ.

ಆ ಹೊತ್ತಿಗೆ ನಮ್ಮ ಏಳನೆಯವನು ಹುಬ್ಬಳ್ಳಿಯ ಗಿರಣಿಗೆ ಕೆಲಸಕ್ಕೆ ಹೋಗಿಬಿಟ್ಟ. ಸಂಕಪ್ಪ ಬದಲಿಗೆ ದುರಗಪ್ಪನನ್ನು ತಂದು ನಿಲ್ಲಿಸಿದ. ದುರಗಪ್ಪ ಊರ ಹೊರಗಿನ ಕೇರಿಯವನು, ಗೌಡರ ಮನೆಯ ವರ್ಷದಾಳು. ಏಳನೇ ಇಯತ್ತೆ ಪಾಸಾಗಿದ್ದ. ಬೆದರಿ ಓಡುತ್ತಿದ್ದ ಗೌಡರ ಎತ್ತಿನ ಹಿಂಗಾಲು ಹಿಡಿದು ಕೂತು ನಿಲ್ಲಿಸಿದ್ದನ್ನು ಸಂಕಪ್ಪ ಕಣ್ಣಾರೆ ಕಂಡಿದ್ದನಂತೆ. “ಇಂವ ಎಡಮೂಲಿಗೆ ನಿಂದರತಾನ. ಬಾಜೂಕ ಬಸ್ಯಾ ನಿಂದರಲಿ,” ಅಂದ.

ಬೇಡ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಗೌಡರ ಕಪ್ಪೆಮ್ಮೆ ಆಗ ತುಂಬಿದ ಗಬ್ಬ, ಸಂಕಪ್ಪನನ್ನು ಎದುರು ಹಾಕಿಕೊಳ್ಳುವ ದಿನ ಅಲ್ಲ. ದುರಗಪ್ಪನೂ ಕುಣಿದಾಡಿಕೊಂಡು ಬರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ: ಪೊಲೀಸ್ ಭರ್ತಿ. ಕುಂದಗೋಳದಲ್ಲಿ ಚಲೋ ಆಡಿದವರನ್ನು ಜಿಲ್ಲಾ ತಂಡಕ್ಕೆ ಆರಿಸುತ್ತಾರೆ, ಆ ಸರ್ಟಿಫಿಕೇಟ್ ಇದ್ದರೆ ಭರ್ತಿಯಲ್ಲಿ ಅನುಕೂಲ ಅಂತ ಸಂಕಪ್ಪ ಅವನಿಗೆ ಹೇಳಿದ್ದ. ಗೌಡರ ದನದ ಕೊಟ್ಟಿಗೆಯಿಂದ ಹೊರಬೀಳಲು ಅವನಿಗೆ ಕಂಡ ಬಾಗಿಲು ಅದೊಂದೇ.

ಕಬಡ್ಡಿ ಗೊತ್ತಿದ್ದವರಿಗೆ ಗೊತ್ತು. ಎದುರಾಳಿ ದಮ್ಮು ಹಿಡಿದು ಒಳಗೆ ಬಂದಾಗ ಹಿಡಿಯುವವರು ಕೈಕೈ ಹಿಡಿದು ಸರಪಳಿಯಾಗಿ ನಿಲ್ಲಬೇಕು. ಮೂಲೆಯವನು ಕಾಲಿಗೆ ಬೀಳುತ್ತಾನೆ, ಅವನ ಕೈ ಹಿಡಿದವನು ದಾರಿ ಕಟ್ಟುತ್ತಾನೆ. ನಮ್ಮಲ್ಲಿ ಬಲಗಡೆ ಐವರು ಕೈಕೈ ಹಿಡಿಯುತ್ತಿದ್ದರು. ಎಡಗಡೆ ನನಗೂ ದುರಗಪ್ಪನಿಗೂ ನಡುವೆ ಒಂದು ಗೇಣು ಜಾಗ. ಅವನೂ ಕೈ ಚಾಚುತ್ತಿರಲಿಲ್ಲ, ನಾನೂ ಚಾಚುತ್ತಿರಲಿಲ್ಲ. ಸಂಕಪ್ಪ ಆಚೆಯಿಂದ “ಸಂದಿ! ಸಂದಿ! ಹರಕ ಬೇಲಿ ಮಾಡಿ ಇಟ್ಟಾರ ಸೂಳೆಮಕ್ಕಳು!” ಅಂತ ಒದರುತ್ತಿದ್ದ. ನಾವು ಕೇಳಿಸದವರಂತೆ ನಿಲ್ಲುತ್ತಿದ್ದೆವು. ಅವನು ಹೇಳಿದ ಬೇರೆಲ್ಲ ಮಾಡಿದೆವು, ಇದೊಂದು ಮಾಡಲಿಲ್ಲ. ಪಂದ್ಯದ ದಿನ ಬಂತು. ನಾನು ಕರವಸ್ತ್ರ ಒಯ್ದೆ.

ಎದುರಿಗೆ ಬಂದವರು ಕಲಘಟಗಿ ಕಡೆಯವರು, ಹಿಂದಿನ ವರ್ಷ ಗೆದ್ದವರು. ಅವರಲ್ಲೊಬ್ಬ ಗಿಡ್ಡ ಇದ್ದ, ಬೆಕ್ಕಿನಂಥವನು. ಮೊದಲ ಸಲ ಒಳಗೆ ಬಂದಾಗಲೇ ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದ. ಒಂದು ಗಳಿಗೆ ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ಅವನು ನಕ್ಕ ನಗು ನನಗೆ ಇವತ್ತೂ ತೆಗೆಯಲು ಬರುವುದಿಲ್ಲ. ದಮ್ಮು ಬಿಡದೇ ನಕ್ಕಿದ್ದ ಮಗ. ಅಲ್ಲಿಂದ ಮುಂದೆ ಪ್ರತಿ ಸಲ ನೆಟ್ಟಗೆ ನಮ್ಮ ಮೂಲೆಗೇ ಬಂದ. ದುರಗಪ್ಪ ಕಾಲಿಗೆ ಬೀಳುವುದು, ಕರವಸ್ತ್ರ ನನ್ನ ಕೈಯಿಂದ ಜಾರುವುದು, ಗಿಡ್ಡ ಆ ಸಂದಿಯಲ್ಲಿ ನುಸುಳಿ ಹೋಗುವುದು. ಹತ್ತು ನಿಮಿಷದಲ್ಲಿ ಪಂಚರಿಗೂ ಕಂಡಿತು. ಆಟ ನಿಲ್ಲಿಸಿ ಬಂದು, “ಏನದು ಕೈಯಾಗ? ಅರಿವಿ ಹಿಡಕೊಂಡು ಆಡೂಹಂಗಿಲ್ಲ” ಅಂದರು. ಗಿಡ್ಡ ಆ ಕಡೆಯಿಂದ, “ಇರ್ಲಿ ಬಿಡ್ರಿ, ಮದವೀ ಸಂಬಂಧ ಗಂಟು ಹಾಕ್ಯಾರ” ಅಂದ. ಮಂದಿ ಹೋ ಅಂತ ನಕ್ಕಿತು.

ಸಂಕಪ್ಪ ಗೆರೆ ದಾಟಿ ಬಂದು, ನನ್ನ ಕೈಯಿಂದ ಕರವಸ್ತ್ರ ಕಿತ್ತುಕೊಂಡು ತನ್ನ ಕಿಸೆಗೆ ತುರುಕಿಕೊಂಡ. ಅರ್ಧ ಆಟ ಮುಗಿದಾಗ ಅವರದು ಇಪ್ಪತ್ತೊಂದು, ನಮ್ಮದು ಎಂಟು. ಆ ಎಂಟರಲ್ಲಿ ಆರು ದುರಗಪ್ಪ ದಮ್ಮು ಹಿಡಿದು ಹೋಗಿ ತಂದವು.

ಬೇವಿನ ಗಿಡದ ನೆರಳಿಗೆ ಬಂದು ಕೂತೆವು. ದುರಗಪ್ಪ ಕೂಡಲಿಲ್ಲ. ಅಂಗಿ ಹಾಕಿಕೊಂಡು ಗುಂಡಿ ಹಾಕತೊಡಗಿದ.

“ಎಲ್ಲಿಗಿ?” ಸಂಕಪ್ಪ ಕೇಳಿದ.

“ಊರಿಗ್ರಿ.”

“ಬಸ್ಸ ಮೂರಕ್ಕೈತಿ. ಅಲ್ಲೀತನಕ ಬಸ್ ಸ್ಟ್ಯಾಂಡಿನಾಗ ನೊಣಾ ಹೊಡೀತೀಯೇನು? ನಿಂದರು.”

ದುರಗಪ್ಪ ನಿಂತ, ಅಂಗಿ ತೆಗೆಯಲಿಲ್ಲ. ಸಂಕಪ್ಪ ಮಡಕೆಯ ನೀರು ಸುರಿದು ಬಲಗೈ ತೊಳೆದುಕೊಂಡ. ಎಲ್ಲಿಯೂ ಕೈ ಹಾಕಿರಲಿಲ್ಲ, ಸುಮ್ಮನೆ ತೊಳೆದ. ಮತ್ತೆ ಆ ಕೈಯನ್ನು ನಮ್ಮ ಏಳೂ ಮಂದಿಯ ಮೂಗಿನ ಮುಂದೆ ಹಿಡಿದ.

“ನನ್ನ ಮಾರಿ ನೋಡಬ್ಯಾಡ್ರಿ, ಇದನ್ನ ನೋಡ್ರಿ. ಇದು ಎಲ್ಲೆಲ್ಲಿ ಹೊಕ್ಕು ಬಂದೈತಿ ನಿಮಗ ಗೊತ್ತೈತಿ. ಶಿವನಗೌಡಾ, ಹೋದ ತಿಂಗಳ ನಿಮ್ಮ ಕಪ್ಪೆಮ್ಮಿ ಹೊಟ್ಟ್ಯಾಗ ಕರ ಅಡ್ಡ ಬಿದ್ದಿತ್ತು. ಈ ಕೈ ಭುಜದ ಮಟಾ ಒಳಗಿತ್ತು. ಒಳಗ ನಾ ಕರದ ಕಾಲ ಹಿಡದಿದ್ನಿ. ಹೊರಗ ನನ್ನ ನಡಾ ಹಿಡಕೊಂಡು ಜಗ್ಗಾಂವ ಯಾವನಲೇ? ಹೇಳು!”

ಶಿವನಗೌಡ ನೆಲ ನೋಡಿದ. “ದುರಗ್ಯಾರಿ.”

“ನಿಮ್ಮಪ್ಪ ಬಾಜೂಕ ನಿಂತು ಏನಂತಿದ್ದ? ಬಸ್ಯಾ, ನೀ ಹೇಳು. ನಿಮ್ಮ ಗೌಡ್ರ ದನಿ ತಗೀತೀಯಲ್ಲ, ತಗಿ!”

ನಾನು ಅಲ್ಲಿದ್ದೆ, ಕೇಳಿದ್ದೆ. ಆದರೆ ದನಿ ಬರಲಿಲ್ಲ. ನನ್ನ ದನಿಯಲ್ಲೇ ಹೇಳಿದೆ: “‘ಬಿಡಬ್ಯಾಡೋ ನಮ್ಮಪ್ಪ, ಗಟ್ಟಿ ಹಿಡೀ’ ಅಂದ್ರು.”

“ನಮ್ಮಪ್ಪ! ಅವತ್ತ ಅಪ್ಪ ಆಗಿದ್ದ. ಆ ಎಮ್ಮಿ ಗಿಣ್ಣ ಊರೆಲ್ಲಾ ತಿಂದ್ರಿ. ಬಾಯಿ ಒರಸಿಕೊಂಡ್ರಿ. ಇವತ್ತ ದುರಗ್ಯಾನ ಅದಽ ಕೈ ಹಿಡಿಯಾಕ ಅರಿವಿ ಬೇಕಾಗೇತಿ ನಿಮಗ.” ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. “ಕೇಳ್ರಿ. ನಾ ನಿಮಗ ಚಲೋ ಮಂದಿ ಆಗ್ರಿ ಅಂತ ಹೇಳಾಕತ್ತಿಲ್ಲ. ನೀವು ಆಗಾಂಗಿಲ್ಲ, ನನಗ ಗೊತ್ತೈತಿ. ನಿಮ್ಮ ಮನಸ್ಸು, ನಿಮ್ಮ ಪುಣ್ಯಾ ನನಗ ಬ್ಯಾಡ. ನನಗ ಆ ಸಂದಿ ಬಂದ್ ಆಗಬೇಕು. ಇಪ್ಪತ್ತು ನಿಮಿಷ. ಆಮ್ಯಾಲ ಹೋಗಿ ಕೆರಿಗೆ ಬೀಳ್ರಿ, ಮೈ ತೊಳಕೋರಿ, ಏನರ ಮಾಡ್ರಿ. ಇಲ್ಲಾಂದ್ರ ಮುಂದ ಯಾವನ ಮನ್ಯಾಗ ಕರ ಅಡ್ಡ ಬೀಳತೈತೋ ಅವನ ಮನೀಗೆ ನಾನೂ ಬರ್ತೀನಿ,” ಕಿಸೆಯಿಂದ ನನ್ನ ಕರವಸ್ತ್ರ ತೆಗೆದು ಎರಡು ಬೆರಳಲ್ಲಿ ಎತ್ತಿ ಹಿಡಿದ, “ಇದನ್ನ ಹಿಡಕೊಂಡು ಬರ್ತೀನಿ. ಕರ ಇದರ ತುದಿ ಹಿಡಕೊಂಡು ತಾನಽ ಹೊರಗ ಬರಲಿ.”

ಯಾರೋ ಕಿಸಕ್ಕೆಂದರು. ಯಾರೋ ಏನು, ಶಿವನಗೌಡ. ಆಮೇಲೆ ಎಲ್ಲರೂ ನಕ್ಕೆವು. ಹೆದರಿಕೆಯ ನಗು. ಯಾಕೆಂದರೆ ಆ ಮನುಷ್ಯ ಹೇಳಿದ್ದು ಮಾಡುವವನು, ನಮ್ಮೆಲ್ಲರ ಮನೆಯಲ್ಲೂ ಎಮ್ಮೆಗಳಿದ್ದವು.

ದುರಗಪ್ಪ ನಗಲಿಲ್ಲ. ಆದರೆ ಅಂಗಿ ತೆಗೆದ. ನನ್ನ ಹತ್ತಿರ ಬಂದು ಹೇಳಿದ: “ನಿನ್ನ ಸಲುವಾಗಿ ಅಲ್ಲ, ತಿಳೀತಿಲ್ಲೋ? ನನಗ ಭರ್ತಿಗಿ ಆ ಕಾಗದ ಬೇಕು.”

“ತಿಳೀತು,” ಅಂದೆ.

ಮೈದಾನಕ್ಕಿಳಿದೆವು. ಗಿಡ್ಡ ಹಲ್ಲು ಕಿಸಿಯುತ್ತ ನಮ್ಮ ಮೂಲೆಗೆ ಬಂದ. ನಾನು ಕೈ ಚಾಚಿದೆನೋ, ದುರಗಪ್ಪನೇ ಎಳೆದುಕೊಂಡನೋ, ಆ ವಿಷಯದಲ್ಲಿ ನನ್ನ ಸಾಕ್ಷಿ ನಂಬಬೇಡಿ. ನಾನು ಇದನ್ನು ಹತ್ತು ತೆರನಾಗಿ ಹೇಳಿಕೊಂಡು ತಿರುಗಿದ್ದೇನೆ. ನೆನಪಿರುವುದು ಇಷ್ಟು: ಅವನ ಅಂಗೈ ಒರಟಾಗಿತ್ತು, ನನ್ನದು ಬೆವತಿತ್ತು, ಅವನು ನನ್ನ ಮಣಿಕಟ್ಟನ್ನು ನೇಗಿಲ ಮೇಳಿ ಹಿಡಿದಂತೆ ಹಿಡಿದಿದ್ದ. ಗಿಡ್ಡ ಎಂದಿನ ಸಂದಿಗೆ ನುಗ್ಗಿದ. ಸಂದಿ ಇರಲಿಲ್ಲ. ನಮ್ಮಿಬ್ಬರ ತೋಳಿಗೆ ಎದೆ ಬಡಿದು ಮುಗ್ಗರಿಸಿದ. ಉಳಿದ ಐವರು ಅವನ ಮೇಲೆ ಬಿದ್ದರು. ಕೆಳಗಿನಿಂದ ‘ಕಬಡ್ಡಿ ಕಬಡ್ಡಿ’ ಸಣ್ಣಗಾಗುತ್ತ ಹೋಗಿ ನಿಂತಿತು. “ತಡಾ ಆತು!” ಅಂತ ಸಂಕಪ್ಪ ಗೆರೆಯ ಆಚೆಯಿಂದ ಒದರಿದ.

ಅಂದಿನ ಆಟ ಪೂರ್ತಿ ಬರೆದರೆ ನನ್ನ ಬಡಾಯಿ ಜಾಸ್ತಿಯಾಗುತ್ತದೆ. ಎರಡು ಅಂಕಗಳಿಂದ ಗೆದ್ದೆವು. ಅದೇ ಗಿಡ್ಡನನ್ನು ದುರಗಪ್ಪ ಮತ್ತೆ ಮೂರು ಸಲ ಕಾಲು ಹಿಡಿದು ಕೆಡವಿದ. ಮರುದಿನದ ಆಟದಲ್ಲಿ ಸೋತೆವು, ಅದು ಬೇರೆ. ಆರಿಸುವವರು ಆ ಹೊತ್ತಿಗೆ ದುರಗಪ್ಪನ ಹೆಸರು ಬರೆದುಕೊಂಡಾಗಿತ್ತು.

ಗೆದ್ದು ಬಂದವರಿಗೆ ಊರಲ್ಲಿ ಹಾರ-ತುರಾಯಿ ಏನೂ ಇರಲಿಲ್ಲ. ಸುದ್ದಿ ನಮಗಿಂತ ಮುಂಚೆ ಬಸ್ಸಿಳಿದಿತ್ತು. ನಮ್ಮವ್ವ ಬಾಗಿಲಲ್ಲೇ ತಡೆದು ಹಿತ್ತಲಿಗೆ ಕಳಿಸಿ ಎರಡು ಕೊಡ ನೀರು ಸುರಿದಳು. “ಕರವಸ್ತ್ರ ಎಲ್ಲೇತಿ?” ಅಂದಳು. ಕಳೆದುಹೋಯಿತು ಅಂದೆ. ಶಿವನಗೌಡ ಎರಡು ದಿನ ಮನೆಯಿಂದ ಹೊರಬೀಳಲಿಲ್ಲ. ಅವನಪ್ಪ ಅವನಿಗೆ ಏನಂದರೋ ಗೊತ್ತಿಲ್ಲ. ಸುಣ್ಣ ಬರುವುದು ನಿಂತಿತು, ಸಂಘ ತಾನಾಗಿ ಮುಚ್ಚಿತು. ನಾನು ಮಾತ್ರ ಸಂಶಿಯ ಚಹಾದಂಗಡಿಯಲ್ಲಿ ಸಂಕಪ್ಪನ ಭಾಷಣವನ್ನು ಕೈಯೆತ್ತಿ ಆಡಿ ತೋರಿಸಿ ಸಾಕಷ್ಟು ಚಹಾ ಕುಡಿದೆ. ಅದರಲ್ಲಿ ಕರವಸ್ತ್ರ ಶಿವನಗೌಡನದು ಮಾಡಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ದುರಗಪ್ಪ ಪೊಲೀಸ್ ಭರ್ತಿಯಲ್ಲಿ ಪಾಸಾದ. ಒಂದು ಬೆಳಿಗ್ಗೆ ಗೌಡರ ಕೊಟ್ಟಿಗೆಯ ಕಸ ಹೊಡೆಯದೆ, ಹೇಳದೆ ಧಾರವಾಡಕ್ಕೆ ಹೋದ. ಹದಿನೈದು ದಿನದಲ್ಲಿ ಗೌಡರ ಮನೆಯಲ್ಲಿ ಒಂದು ಅರ್ಜಿ ತಯಾರಾಯಿತು. ಕಂಪೌಂಡರ್ ಸಂಕಪ್ಪನು ದವಾಖಾನೆಯ ವೇಳೆಯಲ್ಲಿ ಆಟ ಆಡಿಸುತ್ತಾನೆ, ಊರಿನ ಹಿರಿಯರಿಗೆ ಅವಮರ್ಯಾದೆಯಾಗಿ ಮಾತಾಡುತ್ತಾನೆ, ಬಾಯಲ್ಲಿ ಹೊಲಸು ಶಬ್ದ ಬರುತ್ತವೆ, ಬೇರೆ ಕಡೆಗೆ ವರ್ಗ ಮಾಡಬೇಕು. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಊರ ಗಂಡಸರೆಲ್ಲ ಸಹಿ ಹಾಕಿದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಮೇಲಿನಿಂದ ಮೂರನೆಯದು ನನ್ನ ಸಹಿ, ಕೆಳಗೆ ಎರಡು ಗೆರೆ ಎಳೆದದ್ದು.

ಯಾಕೆ ಹಾಕಿದೆ? ಗೌಡರು ಪೆನ್ನು ಚಾಚಿದರು, ಹಾಕಿದೆ. ಇದಕ್ಕಿಂತ ಚಂದದ ಕಾರಣ ಹುಡುಕಿ ನೋಡಿದ್ದೇನೆ. ಸಿಕ್ಕಿಲ್ಲ.

ವರ್ಗದ ಹುಕುಂ ಬಂತು. ಅವನು ಹೋಗುವ ದಿನ ಊರಿನವರು ಯಾರೂ ಹೊರಗೆ ಕಾಣಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತ ನಿಂತಿದ್ದ, ಬಲತೋಳು ಮಡಚಿಯೇ ಇತ್ತು. ನಾನು ದೂರದಿಂದ ನೋಡಿ ಹೋಗಿಬಿಡೋಣ ಅಂತ ಬಂದವನು ಯಾಕೋ ಹತ್ತಿರ ಹೋದೆ. ಏನು ಮಾಡಬೇಕೆಂದು ತಿಳಿಯದೆ ನನ್ನ ಕಸುಬಿಗೇ ಕೈ ಹಾಕಿದೆ. ಅವನದೇ ದನಿಯಲ್ಲಿ, “ಎಲ್ಲಿಗಿ? ಬಸ್ಸ ಇನ್ನೂ ತಡಾ ಐತಿ, ನಿಂದರು,” ಅಂದೆ.

ಅವನು ತಿರುಗಿ ನೋಡಿದ. ನಗಲಿಲ್ಲ.

ಬಸ್ಸು ತಿರುವಿನಲ್ಲಿ ಕಂಡಿತು. ಹಾಸಿಗೆ ಸುರುಳಿಯನ್ನು ಬಗಲಿಗೆ ಹಾಕಿಕೊಂಡ. ಟ್ರಂಕಿಗೆ ನಾನು ಕೈ ಹಾಕಿದೆ, ಬೇಡ ಅನ್ನಲಿಲ್ಲ. ಅದನ್ನು ಮೇಲೇರಿಸಿ ಕೆಳಗಿಳಿಯುವಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, ಈ ಸಲ ಯಾರ ದನಿಯೂ ಇಲ್ಲದೆ: “ಸಾಹೇಬ್ರ, ಅರ್ಜ್ಯಾಗ ನನ್ನ ಸಹೀನೂ ಐತ್ರಿ. ನಮ್ಮ ಮ್ಯಾಲ ಸಿಟ್ಟಾಗಬ್ಯಾಡ್ರಿ. ನಿಮ್ಮಿಂದ ದುರಗಪ್ಪ ಆದ್ರೂ ಊರಿಂದ ಪಾರಾದ.”

ಸಂಕಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ದನದ ಹಲ್ಲು ನೋಡುವಾಗ ನೋಡುತ್ತಿದ್ದನಲ್ಲ, ಹಾಗೆ ನನ್ನನ್ನು ನೋಡಿದ.

“ಕರ ಹೊರಗ ಬಂತಿಲ್ಲೋ? ಇನ್ನ ಎಮ್ಮಿ ಒದೀಲಿ ಬಿಡಲೇ.”